ಹಳೆಯ ಮದುವೆ ಕ್ಯಾಸೆಟ್, ಹೊಸ ಟೈಮ್‌ಲೈನ್: ಆರತಿ ತಟ್ಟೆ ದುಂಡಗೇ ಇರಲಿ

ಮಿನಿ ಡಿವಿ ಕ್ಯಾಸೆಟ್‌ನಲ್ಲಿರುವ ಮದುವೆಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಡಿ ಎಂದು ದಾವಣಗೆರೆ, ಚಿತ್ರದುರ್ಗದ ಸ್ಟುಡಿಯೊಗಳಿಗೆ ಈಗಲೂ ಜನ ಬರುತ್ತಾರೆ. ಎಡಿಯಸ್ ಎಂಬ ಎಡಿಟಿಂಗ್ ಪ್ರೋಗ್ರಾಂನಲ್ಲಿ ಸರಿಯಿದ್ದ ದೃಶ್ಯ ಅಂಥದೇ ಪ್ರೀಮಿಯರ್‌ಗೋ ಡಾವಿಂಚಿ ರಿಸಾಲ್ವ್‌ಗೋ ಹೋದ ಮೇಲೆ ಮದುಮಗಳ ಮುಖ ಊದಿಕೊಂಡಿರುತ್ತದೆ, ಇಲ್ಲವೇ ಸೊರಗಿರುತ್ತದೆ. ಆಗ ಸ್ಕೇಲ್ ಎಂಬ ಗಾತ್ರದ ಆಯ್ಕೆ ಹಿಡಿದು ಕಣ್ಣಳತೆಯಲ್ಲಿ ಎಳೆಯಲು ಹೋಗಬೇಡಿ. ದೋಷ ಇರುವುದು ಗಾತ್ರದಲ್ಲಲ್ಲ, ಪಿಕ್ಸೆಲ್‌ನ ಆಕಾರವನ್ನು ಪ್ರೋಗ್ರಾಂ ಓದಿದ ರೀತಿಯಲ್ಲಿ.

ನಮ್ಮ ಹಳೆಯ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಡಿವಿ ಕ್ಯಾಸೆಟ್‌ನ ಫ್ರೇಮ್ 720×576 ಪಿಕ್ಸೆಲ್. ಇದರ ಅಗಲ-ಎತ್ತರದ ಅನುಪಾತ ಹಳೆಯ ಟಿವಿ ಪರದೆಯ 4:3 ಅಲ್ಲ, 5:4. ಪ್ರತಿ ಪಿಕ್ಸೆಲ್ ತುಸು ಅಗಲವೆಂದು ಫೈಲ್ ಹೇಳುವುದರಿಂದಲೇ ಅದು 4:3 ಆಗಿ ಕಾಣುವುದು. ವೈಡ್‌ಸ್ಕ್ರೀನ್‌ನಲ್ಲಿ ಹಿಡಿದ ಕ್ಯಾಸೆಟ್‌ನದೂ ಅದೇ 720×576. ಪಿಕ್ಸೆಲ್ ಮಾತ್ರ ಇನ್ನೂ ಅಗಲ. ಅಂಥದೇ ಕ್ಯಾಸೆಟ್‌ನಲ್ಲಿ ಎಚ್‌ಡಿ ಹಿಡಿಯುವ ಎಚ್‌ಡಿವಿ 1440×1080 ಇದ್ದರೂ 1920×1080 ಆಗಿ ತೆರೆದುಕೊಳ್ಳಬೇಕು, ಅಂದರೆ ಅಗಲ 1.333 ಪಟ್ಟು. ಈ ಮಾಹಿತಿ ದಾರಿಯಲ್ಲಿ ಕಳೆದುಹೋದರೆ ಎಡವಟ್ಟು.

ಮೊದಲು ಫೈಲನ್ನು ಅದರ ವಿವರ ತೋರಿಸುವ ಮೀಡಿಯಾಇನ್ಫೊ ಪ್ರೋಗ್ರಾಂನಲ್ಲಿ ತೆರೆದು ಡಿಸ್‌ಪ್ಲೇ ಆಸ್ಪೆಕ್ಟ್ ರೇಷಿಯೊ (ಕಾಣಬೇಕಾದ ಅಗಲ-ಎತ್ತರದ ಅನುಪಾತ) ಬರೆದಿಟ್ಟುಕೊಳ್ಳಿ. ಅದನ್ನೂ ಪೂರ್ತಿ ನಂಬಬೇಡಿ, ಕ್ಯಾಪ್ಚರ್ ಮಾಡುವಾಗಲೇ ತಪ್ಪು ಗುರುತು ಬಿದ್ದಿರಬಹುದು. ಆರತಿ ತಟ್ಟೆಯನ್ನು ನೇರ ಮೇಲಿನಿಂದ ತೆಗೆದ ಶಾಟ್ ಹುಡುಕಿ, ಇಲ್ಲದಿದ್ದರೆ ಪಕ್ಕದಿಂದ ಕಾಣುವ ಕಾರಿನ ಚಕ್ರ. ಸ್ಕ್ರೀನ್‌ಶಾಟ್ ತೆಗೆದು ಅಳೆಯಿರಿ. ಎತ್ತರ 300 ಪಿಕ್ಸೆಲ್ ಇದ್ದಾಗ ಅಗಲ ಸುಮಾರು 274 ಬಂದರೆ, 4:3 ಡಿವಿಯನ್ನು ಚೌಕ ಪಿಕ್ಸೆಲ್ ಎಂದು ಓದಿದೆ. 225 ಬಂದರೆ 16:9 ದೃಶ್ಯ 4:3ಕ್ಕೆ ಕುಗ್ಗಿದೆ. ಎಚ್‌ಡಿವಿಯನ್ನು ಚೌಕವೆಂದು ಓದಿದರೂ ಇದೇ ಸಂಖ್ಯೆ. 400 ಬಂದರೆ 4:3 ಅನ್ನು 16:9ಕ್ಕೆ ಹಿಗ್ಗಿಸಿದ್ದಾರೆ.

ಕಾಯಿಲೆ ಗೊತ್ತಾದ ಮೇಲೆ ಮದ್ದನ್ನು ಟೈಮ್‌ಲೈನ್‌ನಲ್ಲಿ ಹಾಕದೆ ಮೂಲ ಕ್ಲಿಪ್‌ಗೇ ಹಾಕಿ. ಪ್ರೀಮಿಯರ್‌ನ ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಕ್ಲಿಪ್‌ಗಳನ್ನೆಲ್ಲ ಒಟ್ಟಿಗೆ ಆರಿಸಿ, ರೈಟ್ ಕ್ಲಿಕ್, ಮಾಡಿಫೈ, ಇಂಟರ್‌ಪ್ರೆಟ್ ಫುಟೇಜ್. ಅಲ್ಲಿ ಕನ್‌ಫಾರ್ಮ್ ಟು ಎಂಬಲ್ಲಿ ಪಾಲ್ 1.094 ಅಥವಾ ವೈಡ್‌ಸ್ಕ್ರೀನ್ 1.4587 ಆರಿಸಿ. ಪಿಕ್ಸೆಲ್‌ನ ಅಗಲ ಅದರ ಎತ್ತರದ ಎಷ್ಟು ಪಟ್ಟು ಎಂಬುದೇ ಈ ಸಂಖ್ಯೆ. ರಿಸಾಲ್ವ್‌ನಲ್ಲಾದರೆ ಮೀಡಿಯಾ ಪೂಲ್‌ನಲ್ಲಿ ಕ್ಲಿಪ್ ಆಟ್ರಿಬ್ಯೂಟ್ಸ್. ಮೊಬೈಲ್‌ನ ನಿಲುವು ವಿಡಿಯೊ ಅಡ್ಡಬಿದ್ದಿದ್ದರೆ ತಿರುಗಿಸುವ ಆಯ್ಕೆಯೂ ಇಲ್ಲೇ ಇದೆ.

ಪ್ರೀಮಿಯರ್ ತಯಾರಿಸುವ ಅಡೋಬಿ 2008ರ ಸಿಎಸ್4 ಆವೃತ್ತಿಗೆ ಮೊದಲು ಪಾಲ್ 4:3ಕ್ಕೆ 1.067 ಬಳಸುತ್ತಿತ್ತು, ಆಮೇಲೆ 1.094 ಆಯಿತು. ಇದರಿಂದ ಕಾಣುವ ಫ್ರೇಮಿನ ಅಗಲ 768ರಿಂದ 788ಕ್ಕೆ ಏರುತ್ತದೆ. ಹೀಗಾಗಿ ಹಳೆಯ ಪ್ರಾಜೆಕ್ಟನ್ನು ಹೊಸ ಆವೃತ್ತಿಯಲ್ಲಿ ತೆರೆದಾಗ ಚಿತ್ರ ಕೂದಲೆಳೆಯಷ್ಟು ಅಗಲವಾದರೆ ಗಾಬರಿ ಬೇಡ.

ಗಾತ್ರ ದೊಡ್ಡದು ಮಾಡುವ ಮೊದಲು ಡಿಇಂಟರ್‌ಲೇಸ್ ಮಾಡಿ, ಅಂದರೆ ಒಂದು ಬಿಟ್ಟು ಒಂದು ಗೆರೆಯ ಎರಡು ಫೀಲ್ಡ್‌ಗಳಾಗಿ ಹಿಡಿದ ಚಿತ್ರವನ್ನು ಪೂರ್ತಿ ಫ್ರೇಮ್ ಮಾಡಿ. ಡಿವಿ ಲೋಯರ್ ಫೀಲ್ಡ್ ಫಸ್ಟ್, ಎಚ್‌ಡಿವಿ ಅಪ್ಪರ್. ಫೀಲ್ಡ್‌ಗಳ ಈ ಕ್ರಮ ಅದಲುಬದಲಾದರೆ ಓಡಾಡುವವರು ಹಿಂದೆ ಮುಂದೆ ನಡುಗಿದಂತೆ ಕಾಣುತ್ತಾರೆ. ಡಿಇಂಟರ್‌ಲೇಸ್ ಮಾಡದೆ ಹಿಗ್ಗಿಸಿದರೆ ಅವರ ಅಂಚೆಲ್ಲ ಬಾಚಣಿಗೆ ಹಲ್ಲಿನಂತೆ ಕಾಣುತ್ತದೆ, ಆಮೇಲೆ ತೆಗೆಯುವುದು ಬಹಳ ಕಷ್ಟ. 1920×1080ರಲ್ಲಿ 4:3 ದೃಶ್ಯ 1440 ಅಗಲ ಕೂರುತ್ತದೆ, ಎರಡು ಬದಿಗೆ 240ರಂತೆ ಕಪ್ಪು. ಗಿರಾಕಿ ಪೂರ್ತಿ ಪರದೆ ತುಂಬಲಿ ಎಂದರೆ ಎತ್ತರದಲ್ಲಿ ಕಾಲುಭಾಗ ಕತ್ತರಿಸಬೇಕು. ಹೋಗುವುದು ಬಾಸಿಂಗವೋ ಪಾದವೋ ಎಂದು ಮೊದಲೇ ಕೇಳಿಬಿಡಿ. ಕಪ್ಪು ಪಟ್ಟಿ ಬಿಡುವುದೇ ವಾಸಿ.

ಎಡಿಟ್ ಮಾಡಿದ ಟೈಮ್‌ಲೈನನ್ನೇ ಸಾಗಿಸುವುದಾದರೆ ಇಡಿಎಲ್ ಎಂಬ ಎಡಿಟ್ ಪಟ್ಟಿಯ ಫೈಲ್ ಕಟ್‌ಗಳನ್ನು ಒಯ್ಯುತ್ತದೆ, ಸ್ಕೇಲ್ ಒಯ್ಯುವುದಿಲ್ಲ. ಅದಕ್ಕೆ ಹೆಚ್ಚಿನ ವಿವರ ಒಯ್ಯುವ ಎಕ್ಸ್‌ಎಂಎಲ್ ಫೈಲ್ ಬೇಕು. ರಿಸಾಲ್ವ್‌ಗೆ ತರುವಾಗ ಯೂಸ್ ಸೈಜಿಂಗ್ ಇನ್ಫರ್ಮೇಶನ್ ಟಿಕ್ ಮಾಡಿ. ಎಲ್ಲ ಶಾಟೂ ಎರಡು ಸಲ ಹಿಗ್ಗಿದಂತೆ ಕಂಡರೆ ಇಮೇಜ್ ಸ್ಕೇಲಿಂಗ್‌ನಲ್ಲಿ ಸೆಂಟರ್ ಕ್ರಾಪ್ ವಿತ್ ನೋ ರೀಸೈಜಿಂಗ್ ಆರಿಸಿ ನೋಡಿ. ಮೊದಲ ಪ್ರೋಗ್ರಾಂನಿಂದ ಒಂದು ರೆಫರೆನ್ಸ್ ವಿಡಿಯೊ ತೆಗೆದು ಮೇಲಿನ ಟ್ರ್ಯಾಕ್‌ಗೆ ಹಾಕಿ, ಬ್ಲೆಂಡ್ ಮೋಡ್ ಡಿಫರೆನ್ಸ್ ಮಾಡಿ. ಎರಡೂ ಒಂದೇ ಆಗಿದ್ದರೆ ಪರದೆ ಹೆಚ್ಚುಕಡಿಮೆ ಕಪ್ಪು. ಅಂಚು ಹೊಳೆಯುವ ಶಾಟ್‌ಗಳನ್ನಷ್ಟೇ ಕೈಯಲ್ಲಿ ಸರಿಪಡಿಸಿ, ಚೌಕ ಪಿಕ್ಸೆಲ್ 1.0 ಇಟ್ಟು ಎಕ್ಸ್‌ಪೋರ್ಟ್ ಮಾಡಿ.