ಆಟದ ರಾತ್ರಿಗೆ ಜೇಬಿನ ಕ್ಯಾಮೆರಾ: ಏಳು ಮಾರ್ಕ್‌ಗಳಲ್ಲಿ 3ನ್ನೇ ಆರಿಸಿದ್ದು ಯಾಕೆ

ಯಕ್ಷಗಾನದ ಫೋಟೊ ತೆಗೆಯಲು ದೊಡ್ಡ ಬಾಡಿ ಮತ್ತು 70-200 ಲೆನ್ಸ್ ಇಲ್ಲದೆ ಆಗದು ಎಂದು ಉಡುಪಿ, ಮಂಗಳೂರು ಕಡೆಯ ಫೋಟೊ ಬಳಗದಲ್ಲಿ ಹೇಳದವರಿಲ್ಲ. ಅಂಗಿ ಜೇಬಿನಲ್ಲಿ ಹಿಡಿಯುವ ಸೋನಿ ಆರ್‌ಎಕ್ಸ್100 ಮಾರ್ಕ್ 3ರಲ್ಲಿ ದೀಪಾವಳಿಯಿಂದ ಪತ್ತನಾಜೆವರೆಗೆ (ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನ) ಆಟ, ಅಂದರೆ ಯಕ್ಷಗಾನ ಪ್ರದರ್ಶನ, ತೆಗೆದು, 12×18 ಪ್ರಿಂಟ್ ಹಾಕಿಸಿ ಎದುರಿಗಿಟ್ಟ ಮೇಲೆ ಆ ಮಾತು ನಿಂತಿದೆ. ಕೆಲವು ವೇಷಧಾರಿಗಳು ಅದೇ ಪ್ರಿಂಟ್ ಕೇಳಿ ಪಡೆದು ಮನೆಯಲ್ಲಿ ಹಾಕಿಕೊಂಡಿದ್ದಾರೆ. "ಯಾವ ಮಾರ್ಕ್ ತೆಗೆದುಕೊಳ್ಳುವುದು ಮಾರಾಯ್ರೆ?" ಎಂದು ಕೇಳುವವರಿಗಾಗಿ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ಆರ್‌ಎಕ್ಸ್100 ಸರಣಿ 2012ರಲ್ಲಿ ಶುರುವಾಗಿ 2019ಕ್ಕೆ ಮಾರ್ಕ್ 7 ತಲುಪಿತು, ನಡುವೆ ಒಂದು 5ಎ ಕೂಡ ಬಂತು. ಮೇಜಿನ ಮೇಲೆ ಸಾಲಾಗಿ ಇಟ್ಟರೆ ಗುರುತು ಹಿಡಿಯುವುದೇ ಕಷ್ಟ. ಸೌಲಭ್ಯಗಳ ಪಟ್ಟಿ ಓದಿ ಆರಿಸಲು ಕೂತವರೆಲ್ಲ ಕಡೆಗೆ 7ಕ್ಕೇ ಬಂದು ನಿಲ್ಲುತ್ತಾರೆ, ದುಡ್ಡು ಸಾಲದೆ ಸುಮ್ಮನಾಗುತ್ತಾರೆ. ನಾನು ನೋಡುವುದು ಲೆನ್ಸ್‌ನ ಮೇಲೆ ಬರೆದ ಅಂಕಿಯನ್ನು ಮಾತ್ರ. ಮೊದಲ ಜೋಡಿ ಝೂಮ್‌ನ ಶುರು ಮತ್ತು ಕೊನೆಯಲ್ಲಿ ಲೆನ್ಸ್ ಎಷ್ಟು ತೆರೆಯುತ್ತದೆ ಎಂಬ ಎಫ್ ಅಂಕಿ (ಚಿಕ್ಕದಾದಷ್ಟು ಬೆಳಕು ಹೆಚ್ಚು), ಎರಡನೇ ಜೋಡಿ ಝೂಮ್‌ನ ಅಳತೆ. 1 ಮತ್ತು 2ರಲ್ಲಿ 1.8-4.9, 10.4-37.1 ಮಿ.ಮೀ. 3, 4, 5ರಲ್ಲಿ 1.8-2.8, 8.8-25.7. 6 ಮತ್ತು 7ರಲ್ಲಿ 2.8-4.5, 9-72. ಆರಿಸಬೇಕಾದದ್ದು ಏಳು ಕ್ಯಾಮೆರಾಗಳಲ್ಲಿ ಅಲ್ಲ, ಮೂರು ಲೆನ್ಸ್‌ಗಳಲ್ಲಿ. ಇದೇ ಬಗೆಯ ಇನ್ನೊಂದು ಜೇಬಿನ ಕ್ಯಾಮೆರಾ ಕ್ಯಾನನ್ ಜಿ7ಎಕ್ಸ್‌ನ ಮೂರೂ ಮಾರ್ಕ್‌ಗಳಲ್ಲಿ 1.8-2.8, 8.8-36.8ರ ಒಂದೇ ಅಳತೆ. ಈ ಮಿ.ಮೀ.ಗಳನ್ನು 2.7ರಿಂದ ಗುಣಿಸಿದರೆ ನಮಗೆ ರೂಢಿಯ ಫುಲ್ ಫ್ರೇಮ್ ಲೆಕ್ಕದಲ್ಲಿ ಕ್ರಮವಾಗಿ 28-100, 24-70, 24-200, ಜಿ7ಎಕ್ಸ್‌ಗೆ 24-100 ಸಿಗುತ್ತದೆ.

ಮುಂದೆ ದೊಡ್ಡದಾಗಿ ಕಾಣುವ 1.8ಕ್ಕೆ ಮರುಳಾಗಬೇಡಿ. ಅದು ಝೂಮ್‌ನ ಶುರುವಿನಲ್ಲಿ ಮಾತ್ರ, ಸ್ವಲ್ಪ ಝೂಮ್ ಮಾಡಿದೊಡನೆ ಹೋಗುತ್ತದೆ. ರಂಗಸ್ಥಳ ತೆಗೆಯುವುದು ಝೂಮ್‌ನ ಕೊನೆಯಲ್ಲಿ, ಆದ್ದರಿಂದ ಎರಡನೇ ಅಂಕಿಯೇ ಮುಖ್ಯ. ಈಗಿನ ಎಲ್‌ಇಡಿ ಬೆಳಕಿನಲ್ಲಿ ಎಫ್ 2.8, ಶಟರ್ 1/250 ಸೆಕೆಂಡ್, ಐಎಸ್‌ಒ (ಸೆನ್ಸಾರಿನ ಬೆಳಕಿನ ಸೂಕ್ಷ್ಮತೆ) 1600 ಸರಿಸುಮಾರು ಹೊಂದುತ್ತದೆ. ಅದೇ ಬೆಳಕಿಗೆ ಎಫ್ 4.9 ಇರುವ ಮಾರ್ಕ್ 1 ಅಥವಾ 2ರಲ್ಲಿ ಐಎಸ್‌ಒ 5000 ಬೇಕು. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲಿನ ಚುಟ್ಟಿಯ ಬಿಳಿ ಚುಕ್ಕೆಗಳು ಕರಗಿ ಹಿಟ್ಟು ಮೆತ್ತಿದಂತೆ ಕಾಣುವುದು ಅಲ್ಲೇ.

70 ಸಾಲದು, 100 ಬೇಕು ಎನ್ನುವವರ ಜೊತೆ ನನ್ನ ವಾದ ಬಹಳ ನಡೆದಿದೆ. ಅಳೆದು ನೋಡಿ. ರಂಗಸ್ಥಳದಿಂದ 20 ಅಡಿ ದೂರ ಕೂತು ಕ್ಯಾಮೆರಾ ಲಂಬವಾಗಿ ಹಿಡಿದರೆ 70ರಲ್ಲಿ ಚೌಕಟ್ಟಿನ ಎತ್ತರ ಸುಮಾರು 10 ಅಡಿ, 100ರಲ್ಲಿ 7 ಅಡಿ. ಕಿರೀಟ ಸೇರಿದ ವೇಷ ಕುಣಿದು ಮೇಲೆ ಹಾರಿದಾಗ 7 ಅಡಿಯ ಚೌಕಟ್ಟಿನಲ್ಲಿ ಕಿರೀಟವೋ ಗೆಜ್ಜೆಯೋ ತುಂಡಾಗಿಯೇ ಆಗುತ್ತದೆ. ವೇಷ ಇನ್ನೂ ಹತ್ತಿರ ಬೇಕಾದಾಗ 70ರದ್ದನ್ನು 100ರಷ್ಟಕ್ಕೆ ಕತ್ತರಿಸಿದರೆ 20 ಮೆಗಾಪಿಕ್ಸೆಲ್‌ನಲ್ಲಿ 10 ಉಳಿಯುತ್ತದೆ. 12×18ಕ್ಕೆ ಇಂಚಿಗೆ 200 ಚುಕ್ಕೆಯಂತೆ 8.6 ಸಾಕು. ಕತ್ತರಿಸಿದ್ದರಿಂದ ಒಂದು ಸ್ಟಾಪ್‌ನಷ್ಟು (ಬೆಳಕು ಅರ್ಧವಾದಷ್ಟು) ನಾಯ್ಸ್, ಅಂದರೆ ಫೋಟೊದ ಕಾಳುಕಾಳು, ಹೆಚ್ಚುತ್ತದೆ, ನಿಜ. ಆದರೆ 4.9ರಿಂದಾಗುವ ನಷ್ಟ ಒಂದೂವರೆ ಸ್ಟಾಪ್ ಮೀರುತ್ತದೆ. ಕತ್ತರಿಸಿದ ಮಾರ್ಕ್ 3, ಕತ್ತರಿಸದ ಮಾರ್ಕ್ 1ಕ್ಕಿಂತ ಚೊಕ್ಕ. ಎರಡನ್ನೂ ಒಂದೇ ಆಟದಲ್ಲಿ ಪಕ್ಕಪಕ್ಕ ಇಟ್ಟು ತೆಗೆದು ಖಾತ್ರಿ ಮಾಡಿಕೊಂಡಿದ್ದೇನೆ.

ಹಾಗಾದರೆ 100ರಲ್ಲೂ 2.8 ಕೊಡುವ ಜಿ7ಎಕ್ಸ್ ಮಾರ್ಕ್ 2 ಯಾಕೆ ಬೇಡ? ಲೆನ್ಸ್ ಲೆಕ್ಕದಲ್ಲಿ ಅದೇ ಮೇಲು. ಆದರೆ ವ್ಯೂಫೈಂಡರ್ ಇಲ್ಲ. ಕತ್ತಲೆಯಲ್ಲಿ ಕೂತ ಪ್ರೇಕ್ಷಕರ ಎದುರು ಮೂರಿಂಚಿನ ಪರದೆ ಬೆಳಗುತ್ತಿದ್ದರೆ ಹಿಂದಿನವರು ಸುಮ್ಮನಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆಟ ನೋಡಲು ಬಂದವರಿಗೆ ತೊಂದರೆ ಕೊಟ್ಟು ತೆಗೆದ ಫೋಟೊ ನನಗೆ ಬೇಡ. ಸೋನಿಯಲ್ಲಿ ಮಾರ್ಕ್ 3ರಿಂದ ಮೇಲಕ್ಕೆ ವ್ಯೂಫೈಂಡರ್ ಬಾಡಿಯ ಒಳಗಿನಿಂದ ಎದ್ದು ಬರುತ್ತದೆ, ಪರದೆ ಆಫ್ ಮಾಡಿ ಕಣ್ಣಿಗೆ ಹಿಡಿದರಾಯಿತು. ರೀಲ್ಸ್ ಮಾಡುವವರು ಮುಗಿಬಿದ್ದು ಜಿ7ಎಕ್ಸ್‌ನ ಹಳೇ ಮಾಲಿನ ದರವೂ ಏರಿದೆ. ನನಗೆ ಹೇಳಿದ್ದು 45 ಸಾವಿರದ ಹತ್ತಿರ. ಮಾರ್ಕ್ 3 ಸಿಕ್ಕಿದ್ದು 27-28 ಸಾವಿರಕ್ಕೆ.

ಇನ್ನು 3, 4, 5. ಲೆನ್ಸ್ ಒಂದೇ. 4ರಲ್ಲಿ 4ಕೆ ವಿಡಿಯೊ, ಇನ್ನೂ ಸ್ಪಷ್ಟವಾದ ವ್ಯೂಫೈಂಡರ್, ಎಲೆಕ್ಟ್ರಾನಿಕ್ ಶಟರ್ ಇವೆ. 5ರಲ್ಲಿ 315 ಬಿಂದುಗಳ ಫೇಸ್ (phase, ಮುಖವಲ್ಲ) ಡಿಟೆಕ್ಷನ್ ಫೋಕಸ್. 4ಕ್ಕೆ ಎಂಟು ಹತ್ತು ಸಾವಿರ, 5ಕ್ಕೆ ಇಪ್ಪತ್ತು ಸಾವಿರ ಹೆಚ್ಚು ಕೊಡಬೇಕು. ಐಎಸ್‌ಒ 1600ರ ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ಆ ಇಪ್ಪತ್ತು ಸಾವಿರ ನನಗೆ ಎಲ್ಲೂ ಕಾಣಲಿಲ್ಲ. 4 ಅಥವಾ 5 ಈಗಾಗಲೇ ಕೈಯಲ್ಲಿದ್ದರೆ ಶಟರನ್ನು ಆಟೋದಲ್ಲಿ ಬಿಡದೆ ಮೆಕ್ಯಾನಿಕಲ್‌ಗೆ ಹಾಕಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಎಲೆಕ್ಟ್ರಾನಿಕ್ ಶಟರ್ ಸೆನ್ಸಾರನ್ನು ಸಾಲುಸಾಲಾಗಿ ಓದುವುದರಿಂದ ಫೋಟೊದ ಮೇಲೆ ಪಟ್ಟೆ ಬೀಳುತ್ತದೆ. ಈ ಕ್ಯಾಮೆರಾಗಳ ಮೆಕ್ಯಾನಿಕಲ್ ಶಟರ್ ಲೆನ್ಸ್‌ನೊಳಗೇ ಇದೆ, ಇಡೀ ಚೌಕಟ್ಟು ಒಟ್ಟಿಗೆ ಬೆಳಕು ಪಡೆಯುತ್ತದೆ, ಆದ್ದರಿಂದ ಪಟ್ಟೆ ಇಲ್ಲ. ಆದರೆ 1/250ರಲ್ಲಿ ಒಂದು ಫೋಟೊ ಬೆಳ್ಳಗೆ, ಮುಂದಿನದು ಮಂಕು ಆಗಬಹುದು. ಮೂರು ನಾಲ್ಕು ಒಟ್ಟಿಗೆ ಹೊಡೆದು ಆರಿಸಿಕೊಳ್ಳಿ. ಭಾಗವತರು, ಚೆಂಡೆ ಮದ್ದಳೆಯವರು ಒಂದೇ ಜಾಗದಲ್ಲಿ ಇರುವುದರಿಂದ ಅವರಿಗೆ 1/100 ಸಾಕು, ಆಗ ಈ ತೊಂದರೆಯೂ ಇಲ್ಲ.

ಫೋಕಸ್ ಸಹಾಯಕ್ಕೆ ಹೊತ್ತುವ ಕಿತ್ತಳೆ ದೀಪವನ್ನು ಮೊದಲು ಆಫ್ ಮಾಡಿ, ಅದು ವೇಷಧಾರಿಯ ಕಣ್ಣಿಗೆ ನೇರ ಹೊಡೆಯುತ್ತದೆ. ಮಾರ್ಕ್ 3ರ ಫೋಕಸ್ ಕಾಂಟ್ರಾಸ್ಟ್ ಬಗೆಯದ್ದು (ಬೆಳಕು ನೆರಳಿನ ಅಂಚು ಹುಡುಕುತ್ತದೆ), ರಂಗಸ್ಥಳದ ಕಪ್ಪು ಪರದೆಯ ಮೇಲೆ ಅಲೆದಾಡುತ್ತದೆ. ಚಿಕ್ಕ ಫೋಕಸ್ ಚೌಕ ಆರಿಸಿ ಕಿರೀಟದ ಅಂಚಿಗೆ ಹಿಡಿದರೆ ಥಟ್ಟನೆ ಕೂರುತ್ತದೆ. ಕೆಂಪು ವೇಷಕ್ಕೆ ಎಕ್ಸ್‌ಪೋಷರ್ ಮೈನಸ್ 0.7 ಇಡಿ, ಇಲ್ಲದಿದ್ದರೆ ಕೆಂಪು ಚಾನೆಲ್ ತುಂಬಿ ಬಟ್ಟೆಯ ನೆರಿಗೆ ಮಾಯ. ರಾ ಫೈಲ್‌ನಲ್ಲಿ ಆ ಕೆಂಪನ್ನು ತಿದ್ದುವ ಕ್ರಮವನ್ನೂ, ಧಿಗಿಣಕ್ಕೆ (ಹಾರಿ ಸುತ್ತುವ ಕುಣಿತ) ಚೆಂಡೆಯ ಯಾವ ಪೆಟ್ಟಿಗೆ ಬಟನ್ ಒತ್ತಬೇಕೆನ್ನುವುದನ್ನೂ ಇಲ್ಲಿ ಬರೆಯುವುದಿಲ್ಲ. ಆಟ ನೋಡುತ್ತ ನೋಡುತ್ತ ನಿಮಗೇ ಸಿಗಬೇಕು.

ಕಂಬಳಕ್ಕೂ ನಡೆದೀತೇ ಎಂದು ಪ್ರಯೋಗ ಮಾಡಿದೆ. ಕರೆಯ (ಕೋಣಗಳು ಓಡುವ ಕೆಸರುಗದ್ದೆ) ಪಕ್ಕದಿಂದ 70 ಏನೇನೂ ಸಾಲದು. ಎರವಲು ತಂದ ಮಾರ್ಕ್ 6 ಹಗಲಲ್ಲಿ 200ಕ್ಕೆ ಚೆನ್ನಾಗಿ ತೆಗೆಯಿತು, ನೀರು ಚಿಮ್ಮಿದರೂ ಫೋಕಸ್ ಬಿಡಲಿಲ್ಲ. ರಾತ್ರಿ ಫ್ಲಡ್‌ಲೈಟ್‌ನಲ್ಲಿ 4.5ಕ್ಕೆ ಐಎಸ್‌ಒ 6400 ದಾಟಿತು, ಕೋಣದ ಮೈಯ ಹೊಳಪೆಲ್ಲ ಹೋಯಿತು. ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಹಾಕಿಕೊಳ್ಳುವುದನ್ನು ತೆಗೆಯಲು ರಿಕೋ ಜಿಆರ್ 3ಕ್ಕೆ ಸಾಟಿಯಿಲ್ಲ, ಇವಕ್ಕಿಂತ ದೊಡ್ಡ ಎಪಿಎಸ್-ಸಿ ಸೆನ್ಸಾರ್, ಝೂಮ್ ಇಲ್ಲದ 28ರ ಲೆನ್ಸ್. ಆದರೆ ರಂಗಸ್ಥಳದ ಎದುರು ಬಂದರೆ ವೇಷ ಹೆಬ್ಬೆರಳಷ್ಟು. ಹೆಬ್ರಿ ಹತ್ತಿರದ ಜೋಮ್ಲು ತೀರ್ಥ ಜಲಪಾತದಲ್ಲಿ ಮಾರ್ಕ್ 3ರ ಒಳಗಿನ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬಳಸಿ ಬಂಡೆಯ ಮೇಲಿಟ್ಟು ತೆಗೆದರೆ ನೀರು ನೊರೆನೊರೆಯಾಗಿ ಬಂತು. ಆ ಫಿಲ್ಟರ್ 6 ಮತ್ತು 7ರಲ್ಲಿ ಇಲ್ಲ. ಎಫ್ 11ಕ್ಕೆ ಹೋಗಬೇಡಿ, ಚಿಕ್ಕ ಸೆನ್ಸಾರಿನಲ್ಲಿ ಅಂಚು ಮೆತ್ತಗಾಗುತ್ತದೆ, 8ಕ್ಕೇ ನಿಲ್ಲಿಸಿ.

ಯಾವ ಮಾರ್ಕ್ ಎಂಬುದಕ್ಕಿಂತ ಯಾವ ಪೀಸ್ ಎಂಬುದರಲ್ಲೇ ದುಡ್ಡು ಹೋಗುವುದು. ನಾನು ವಾಪಸು ಕಳಿಸಿದವುಗಳಲ್ಲಿ ಒಂದರ ಲೆನ್ಸ್ ಪೂರ್ತಿ ಝೂಮ್ ಮಾಡಿ ಕೆಳಮುಖ ಹಿಡಿದೊಡನೆ ಸಿಕ್ಕಿಕೊಂಡಿತು. ಇನ್ನೊಂದನ್ನು "ಹೊಸದರಂತಿದೆ" ಎಂದು ಮಾರುವವರು ಕಳಿಸಿದ್ದರು, ಒಳಗೆ ಫಂಗಸ್. ಪರೀಕ್ಷೆ ಹೀಗೆ. ಮೊಬೈಲ್ ಟಾರ್ಚನ್ನು ಲೆನ್ಸ್‌ಗೆ ಓರೆಯಾಗಿ ಬಿಟ್ಟರೆ ಸಣ್ಣ ನೂಲಿನೆಳೆಗಳು ಕಾಣುತ್ತವೆಯೇ ನೋಡಿ, ಕಂಡರೆ ಅರ್ಧ ಬೆಲೆಗೂ ಬೇಡ. ಆಮೇಲೆ ಎಫ್ 11, ಝೂಮ್ ಕೊನೆಗೆ, ಬಿಳಿ ಗೋಡೆ ತೆಗೆದು ಕಾಂಟ್ರಾಸ್ಟ್ ಏರಿಸಿ. ಕಪ್ಪು ಚುಕ್ಕೆ ಬಂದರೆ ಸೆನ್ಸಾರ್ ಮೇಲೆ ಧೂಳು, ಲೆನ್ಸ್ ಬಿಚ್ಚದೆ ಹೋಗದು, ಬಿಚ್ಚಿಸಲು ಐದಾರು ಸಾವಿರ ಕೇಳುತ್ತಾರೆ. ವ್ಯೂಫೈಂಡರನ್ನು ಹತ್ತು ಸಲ ಎತ್ತಿ ಇಳಿಸಿ. 3ರಲ್ಲಿ ಎದ್ದ ಮೇಲೆ ಹಿಂಬದಿಯ ತುಂಡನ್ನು ಬೆರಳಲ್ಲಿ ಎಳೆಯಬೇಕು. ಎಳೆಯದೆ ಮಂಜಾಗಿದೆ ಎಂದು ಬಿಟ್ಟುಬಂದವರೂ ಇದ್ದಾರೆ.

ಉಳಿಸಿದ ದುಡ್ಡಿನಲ್ಲಿ ಎನ್‌ಪಿ-ಬಿಎಕ್ಸ್1 ಬ್ಯಾಟರಿ ಇನ್ನೆರಡು ಕೊಳ್ಳಿ. ಏಳೂ ಮಾರ್ಕ್‌ಗಳಿಗೆ ಅದೇ ಬ್ಯಾಟರಿ. ಮಾರ್ಕ್ 3ರ ಕೈಪಿಡಿಯಲ್ಲಿ 320 ಫೋಟೊ ಎಂದಿದೆ, ವ್ಯೂಫೈಂಡರ್ ಬಳಸಿದರೆ ಅಷ್ಟು ಬಾರದು. ಬೆಳಗಿನವರೆಗಿನ ಆಟಕ್ಕೆ ಮೂರು ಬೇಕು, ನಡುರಾತ್ರಿಗೆ ಮುಗಿಯುವ ಕಾಲಮಿತಿಯದ್ದಕ್ಕೆ ಎರಡು. ಮಳೆಗಾಲಕ್ಕೆ ಐದು ಲೀಟರಿನ ಗಾಳಿಯಾಡದ ಡಬ್ಬಿ, ಇನ್ನೂರು ಗ್ರಾಂ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ, ಎಲ್ಲ ಸೇರಿ ಸಾವಿರದೊಳಗೆ. ಮುಳ್ಳು 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಜೆಲ್ಲನ್ನು ಬಿಸಿ ಮಾಡಿ ಮತ್ತೆ ಹಾಕಿ, ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ. ಚರ್ಮದ ಚೀಲದೊಳಗೆ ಕ್ಯಾಮೆರಾ ಇಟ್ಟು ಡಬ್ಬಿಗೆ ಹಾಕಬೇಡಿ, ಫಂಗಸ್ ಮೊದಲು ಹಿಡಿಯುವುದು ಚರ್ಮಕ್ಕೇ.