ಮೂರು ತಿಂಗಳ ಸೂಜಿ ನಮ್ಮೂರಲ್ಲೂ ನಡೆಯುತ್ತೆ

ಪ್ರಾಸ್ಟೇಟ್ ಅಂದರೆ ಗಂಡಸರ ಮೂತ್ರಚೀಲದ ಕೆಳಗಿನ ಗ್ರಂಥಿ. ಅದರ ಕ್ಯಾನ್ಸರ್ ಬೆಳೆಯೋದು ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್‌ನಿಂದ. ಅದನ್ನು ಇಳಿಸುವ ಸೂಜಿ ಮೂರು ತಿಂಗಳಿಗೊಮ್ಮೆ ಕೊಡುತ್ತೇನೆ ಅಂದಾಗ, "ಹಳ್ಳಿ ಜನ ಮೂರು ತಿಂಗಳಿಗೊಮ್ಮೆ ಬರಲ್ಲ, ಸುಮ್ನೆ ಬೀಜ (ವೃಷಣ) ತೆಗೆದುಬಿಡು, ಒಂದೇ ಖರ್ಚು" ಅಂತ ಕಲಬುರಗಿಯ ನನ್ನ ಡಾಕ್ಟರ್ ಸ್ನೇಹಿತರೆಲ್ಲ ಹೇಳಿದ್ದರು. ಆಪರೇಷನ್ ಕೆಟ್ಟದ್ದಲ್ಲ, ದುಡ್ಡಿಲ್ಲದವರಿಗೆ ನಾನು ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಬೇಡ ಅಂದವರಿಗೂ ಒಂದು ದಾರಿ ಬೇಕಲ್ವಾ? ಈಗ ನನ್ನ ಹತ್ತಿರ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಈ ಸೂಜಿ, ಅಂದರೆ ಲ್ಯೂಪ್ರೋಲೈಡ್ ಡಿಪೋ (ಮೈಯೊಳಗೆ ನಿಧಾನವಾಗಿ ಬಿಡುಗಡೆಯಾಗುವ ಔಷಧಿ) ತಗೊಳ್ಳುವವರು ಮೂವತ್ತರ ಆಸುಪಾಸು ಇದ್ದಾರೆ. ಹೋದ ವರ್ಷ ತಾರೀಖು ತಪ್ಪಿಸಿದವರು ಇಬ್ಬರೋ ಮೂವರೋ, ಅಷ್ಟೇ.

ಮೊದಲ ಸೂಜಿಯೇ ಹಾಳಾಯಿತು. ಮೇ ತಿಂಗಳು, 22.5 ಮಿಲಿಗ್ರಾಂ. ಪುಡಿ ಕಲಸಿಟ್ಟೆ, ಅಷ್ಟರಲ್ಲಿ ಫೋನ್ ಬಂತು, ಮಾತು ಮುಗಿಸಿ ಬರುವಷ್ಟರಲ್ಲಿ ಪುಡಿ ತಳಕ್ಕೆ ಕೂತು ಸೂಜಿ ಕಟ್ಟಿಕೊಂಡಿತು. ಅರ್ಧ ಔಷಧಿ ಸಿರಿಂಜ್‌ನಲ್ಲೇ ಉಳಿಯಿತು. ರೋಗಿ ಹತ್ತಿರ ಮತ್ತೆ ದುಡ್ಡು ಕೇಳೋಕೆ ಆಗುತ್ತಾ? ಹತ್ತು ಹನ್ನೆರಡು ಸಾವಿರ ನನ್ನ ಜೇಬಿನಿಂದಲೇ ಹೋಯಿತು. ಇನ್ನೊಂದು ಸಲವೂ ಹಾಗೇ ಆದ ಮೇಲೆ ಬುದ್ಧಿ ಬಂತು: ರೋಗಿ ಮಲಗಿ, ಜಾಗ ಒರೆಸಿ ಆದ ಮೇಲೆಯೇ ಕಲಸುವುದು. ಕಲಸುವಾಗ ಕೈ ತಿರುಗಿಸುವ ಒಂದು ರೀತಿ ಇದೆ, ಅದನ್ನು ಇಲ್ಲಿ ಬರೆಯಲ್ಲ, ಬಂದರೆ ತೋರಿಸುತ್ತೇನೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಬೆನ್ನೆಲುಬಿಗೆ ಹರಡಿದ್ದ ಒಬ್ಬ ಕಾಕಾಗೆ ಟೆಸ್ಟೋಸ್ಟೆರಾನ್‌ನ ಕೆಲಸ ತಡೆಯುವ ಬೈಕಲುಟಮೈಡ್ ಮಾತ್ರೆ ಮೊದಲೇ ಶುರು ಮಾಡದೆ ಸೂಜಿ ಕೊಟ್ಟುಬಿಟ್ಟೆ. ಸೂಜಿ ಕೊಟ್ಟ ಮೊದಲ ಒಂದೆರಡು ವಾರ ಟೆಸ್ಟೋಸ್ಟೆರಾನ್ ಇಳಿಯುವ ಮುಂಚೆ ಏರುತ್ತೆ ಅಂತ ಗೊತ್ತಿದ್ದೂ. ನೋವು ಜಾಸ್ತಿಯಾಗಿ ಅವರು ಐದು ರಾತ್ರಿ ನಿದ್ದೆ ಮಾಡಲಿಲ್ಲ, ನಾನೂ ಮಾಡಲಿಲ್ಲ. ಈಗ ವಾರ ಮೊದಲೇ 50 ಮಿಲಿಗ್ರಾಂ ಶುರು, ತಿಂಗಳವರೆಗೆ ನಿಲ್ಲಿಸಲ್ಲ.

ತಾರೀಖಿಗೆ ಹಬ್ಬದ ಲೆಕ್ಕ ಹಿಡಿದು ನೋಡಿದೆ, ಸ್ವಲ್ಪ ಹುಚ್ಚು ಐಡಿಯಾ. ಎಳ್ಳಮಾಸಿ, ಶರಣಬಸವೇಶ್ವರ ಜಾತ್ರೆ, ಕಾರಹುಣ್ಣಿಮೆ, ಗಣೇಶ ಚೌತಿ, ಒಂದರಿಂದ ಒಂದಕ್ಕೆ ಹತ್ತಿರ ಹತ್ತಿರ ಹನ್ನೆರಡು ವಾರ! ಎಲ್ಲರಿಗೂ ನೆನಪಿತ್ತು. ಆದರೆ ಚೌತಿಯಿಂದ ಎಳ್ಳಮಾಸಿಗೆ ಮೂರೂವರೆ ತಿಂಗಳಿಗೂ ಜಾಸ್ತಿ, ಒಬ್ಬರ ಟೆಸ್ಟೋಸ್ಟೆರಾನ್ 50ರ ಮಿತಿ ದಾಟಿತು. ಹಬ್ಬ ಬಿಟ್ಟೆ. ಈಗ 84ನೇ ದಿನ ಬರೆದ ಚೀಟಿ, ಜೊತೆಗೆ ಸೊಸೆಯ ಫೋನ್ ನಂಬರ್. ಮಗನದು ಬೇಡ, ಅವನು ಎತ್ತಲ್ಲ.

ದುಡ್ಡಿನ ವಿಷಯಕ್ಕೆ "ತೊಗರಿ ರಾಶಿ ಆಗ್ಲಿ ಸಾಹೇಬ್ರ, ಕೊಡ್ತೀನ್ರಿ" ಅನ್ನುತ್ತಾರೆ. ಕಂಪನಿಯವರ ಹತ್ತಿರ ಐದೈದು ಒಟ್ಟಿಗೆ ತರಿಸಿ ಒಂದಿಷ್ಟು ಕಡಿಮೆ ಮಾಡಿಸುತ್ತೇನೆ, ಎಷ್ಟು ಅಂತ ಕೇಳಬೇಡಿ. ಸೇಡಂ ಕಡೆಯ ಒಬ್ಬರು ಮಾತ್ರ ಎರಡು ಸೂಜಿಯ ಬಾಕಿ ಇಟ್ಟಿದ್ದಾರೆ. ಅವರ ಪಿಎಸ್‌ಎ (ಈ ಕ್ಯಾನ್ಸರ್‌ನ ಏರಿಳಿತ ತೋರಿಸುವ ರಕ್ತಪರೀಕ್ಷೆ) ನೂರೆಂಬತ್ತರಿಂದ ಎರಡಕ್ಕೆ ಇಳಿದಿದೆ.