ರದ್ದಿ ಅಂದವರೇ ಈಗ ಫೋಟೋ ಕೇಳ್ತಾರೆ

ಮೂಡಿಗೆರೆ ಕಡೆಯ ತೋಟದ ಮನೆಯೊಂದರಲ್ಲಿ ಹೆಂಚು ಒಡೆದು ಅಟ್ಟಕ್ಕೆ ಮಳೆನೀರು ಇಳಿದಿತ್ತು. ಅಲ್ಲಿ ಎರಡು ಮೂಟೆ ಹಳೇ ಪತ್ರಿಕೆ. ಜಾಸ್ತಿ ಇದ್ದದ್ದು ಲಂಡನ್ನಿನ ‘ದಿ ಎಂಜಿನಿಯರ್’, ಅದು 1856ರಿಂದ ಬಂದ ವಾರಪತ್ರಿಕೆ. ಬೆಂಗಳೂರಲ್ಲಿ 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ನ ಕೆಲವು ಸಂಚಿಕೆಗಳೂ ಇದ್ದವು. ತೂಕಕ್ಕೆ ಹಾಕಿ ಕೊಟ್ಟರು, ಸುಮಾರು 600 ರೂಪಾಯಿ. ಹಾಸನಕ್ಕೆ ತಂದ ಗೂಡ್ಸ್ ಆಟೋ ಬಾಡಿಗೆ ಅದರ ಮೂರರಷ್ಟಾಯಿತು.

‘ಬಚ್ಚಲೊಲೆಗೆ ಆಗುತ್ತೆ ಬಿಡಿ ಸಾರ್’ ಎಂದು ಬೈಂಡಿಂಗ್ ಅಂಗಡಿಯವರು ನಕ್ಕರು. ಲೈಬ್ರರಿಯಲ್ಲಿರುವ ಗೆಳೆಯ, ಇವೆಲ್ಲ ದೊಡ್ಡ ಲೈಬ್ರರಿಗಳಲ್ಲಿ ಬೈಂಡಾಗಿ ಕೂತಿವೆಯಲ್ಲ ಮಾರಾಯ ಅಂದ. ಕೂತಿವೆ, ನಿಜ. ಆದರೆ ಬೈಂಡ್ ಮಾಡುವಾಗ ಎಷ್ಟೋ ಕಡೆ ಜಾಹೀರಾತಿನ ಹಾಳೆಗಳನ್ನು ಕಿತ್ತು ಬಿಸಾಡಿದ್ದಾರೆ. ನನಗೆ ಬೇಕಿದ್ದದ್ದೇ ಅವು. ಯಾವ ಕಾಲಕ್ಕೆ ಯಾವ ಪಂಪು, ಯಾವ ಎಂಜಿನ್ ಮಾರಾಟಕ್ಕಿತ್ತು ಅನ್ನೋದು ಅಲ್ಲಿ ಚಿತ್ರದ ಸಮೇತ ಸಿಗುತ್ತೆ.

ಮೊದಲ ಮೂಟೆಯನ್ನು ನಾನೇ ಕೆಡಿಸಿದೆ. ಕಾಫಿ ಕಣದಲ್ಲಿ ಬಿಸಿಲಿಗೆ ಹರವಿದೆ, ಹಪ್ಪಳದ ಹಾಗೆ ಸೊಟ್ಟಗಾದವು. ನುಣುಪಾಗಿ ಹೊಳೆಯುವ ಆರ್ಟ್ ಪೇಪರ್ ಹಾಳೆಗಳಂತೂ ಒಂದಕ್ಕೊಂದು ಅಂಟಿ ಇಟ್ಟಿಗೆಯಾದವು. ಉಳಿದ ಹತ್ತನ್ನು ಪೇಟೆಯ ಒಂದು ಸ್ಕ್ಯಾನಿಂಗ್ ಅಂಗಡಿಗೆ ಕೊಟ್ಟರೆ, ಬೇಡ ಅಂದರೂ ಬೆನ್ನು ಕತ್ತರಿಸಿಟ್ಟರು. ಒಳಂಚಿನ ಅಕ್ಷರಗಳೇ ಹೋದವು. 1,400 ರೂಪಾಯಿ ದಂಡ.

ಎರಡನೇ ಮೂಟೆಯನ್ನು ಒದ್ದೆ ಇದ್ದ ಹಾಗೇ ಫ್ರೀಜರಿಗೆ ತುಂಬಿದೆ. ಐಸ್‌ಕ್ರೀಮ್ ಇಡುವ ಹಳೇ ಪೆಟ್ಟಿಗೆ, ಏಳು ಸಾವಿರ ಚಿಲ್ಲರೆ. ಮನೆಯಲ್ಲಿ ಒಂದು ವಾರ ನನ್ನ ಜೊತೆ ಮಾತಿಲ್ಲ. ಆದರೆ ಬೂಷ್ಟು ಅಲ್ಲಿಗೇ ನಿಂತಿತು, ಅವಸರ ತಪ್ಪಿತು. ದಿನಕ್ಕೆ ಎರಡೇ ಸಂಚಿಕೆ ಹೊರಗೆ. ತುಕ್ಕು ಪಿನ್ ತೆಗೆದು, ಹಾಳೆ ಇನ್ನೂ ಒದ್ದೆ ಇರುವಾಗಲೇ ಬಿಡಿಸಿ, ನಡುವೆ ಬಟರ್ ಪೇಪರ್. ಆರ್ಟ್ ಪೇಪರನ್ನು ಒಣಗಿದ ಮೇಲೆ ಬಿಡಿಸೋಕೆ ಬ್ರಹ್ಮನಿಂದಲೂ ಆಗಲ್ಲ. ಹಟ ಹಿಡಿದ ಹಾಳೆಗೆ ನಾನು ನೀರಿಗೆ ಒಂದು ಸಾಮಾನು ಬೆರೆಸ್ತೀನಿ. ಅದನ್ನಿಲ್ಲಿ ಬರೆಯಲ್ಲ, ಮನೆಗೆ ಬನ್ನಿ.

ಹುಳ ಬರದಿರಲಿ ಅಂತ ಮೈದಾ ಅಂಟಿಗೆ ತೋಟಕ್ಕೆ ಹೊಡೆಯುವ ಬೋರ್ಡೋ ಔಷಧಿಗೆ ತಂದಿದ್ದ ಮೈಲುತುತ್ತ ಹಾಕಿದ್ದೆ. ಕೈ ಜಾಸ್ತಿಯಾಗಿ ಅಂಚೆಲ್ಲ ನೀಲಿ. ಅರಿಶಿನದ ಪ್ರಯೋಗ ಕೇಳಲೇಬೇಡಿ.

ಎರಡನೇ ಮೂಟೆಯಲ್ಲಿ ನೂರಕ್ಕೆ ಎಂಬತ್ತು ಸಂಚಿಕೆ ಉಳಿದಿರಬೇಕು. ಒಂದರಲ್ಲಿ ರ‍್ಯಾಮ್ ಪಂಪಿನ ಜಾಹೀರಾತು, ಸೀಳಿ ತೋರಿಸಿದ ಚಿತ್ರ. ಹರಿಯುವ ನೀರಿನ ಏಟಿನಿಂದಲೇ ಒಂದಿಷ್ಟು ನೀರನ್ನು ಮೇಲೆತ್ತುವ ಪಂಪು ಅದು. ಗಾಳಿ ಹಿಡಿದಿಡುವ ಪಾತ್ರೆ, ಅಂದರೆ ಗಾಳಿಗುಂಡಿನ ಕೆಳಗೆ ಸೂಜಿ ತೂರುವಷ್ಟು ಒಂದು ತೂತು. ಅದೇ ತೋಟದ ಹಳ್ಳದಲ್ಲಿ ಅಂಥದ್ದೇ ಒಂದು ಪಂಪು ಇಪ್ಪತ್ತು ವರ್ಷದಿಂದ ಸುಮ್ನೆ ಬಿದ್ದಿತ್ತು. ಹೋಗಿ ನೋಡಿದರೆ, ಸೋರುತ್ತೆ ಅಂತ ಯಾರೋ ಪುಣ್ಯಾತ್ಮರು ಆ ತೂತಿಗೆ ಎಂಸೀಲ್ ಮೆತ್ತಿದ್ದಾರೆ! ಒಳಗೆ ಗಾಳಿ ಸೇರೋದೇ ಅಲ್ಲಿಂದ. ಗಾಳಿ ಇಲ್ಲದೆ ಗುಂಡಿನ ತುಂಬ ನೀರು, ಏಟು ತಡೆಯೋಕೆ ಮೆತ್ತೆಯೇ ಇಲ್ಲ. ಕೆರೆದು ತೆಗೆದು, ವಾಲ್ವಿಗೆ ಹೊಸ ಚರ್ಮ ಹಾಕಿದೆವು. ಕರೆಂಟಿಲ್ಲ, ಡೀಸೆಲ್ಲಿಲ್ಲ. ಟಕ್, ಟಕ್ ಅಂತ ಶುರುವಾಯಿತು. ಸಾಹುಕಾರರು ಮೂಟೆಯ 600 ರೂಪಾಯಿ ವಾಪಸ್ ಕೊಡೋಕೆ ಬಂದರು. ತಗೊಂಡೆ.